ಕೊಳಗದಲ್ಲಿ ಅಳೆದ ಸಿದ್ಧಾಂತ

ಭಾರತದಲ್ಲಿ ನೋಂದಣಿ ಬಯಸುವ ಪ್ರತಿ ಪಕ್ಷವೂ ತಾನು ಸಮಾಜವಾದಕ್ಕೆ ನಿಷ್ಠ ಎಂದು ಬರೆದುಕೊಡಬೇಕು. ಪ್ರಜಾಪ್ರತಿನಿಧಿ ಕಾಯ್ದೆಗೆ 1989ರಲ್ಲಿ ಸೇರಿದ 29ಎ ಕಲಮು ಹಾಗೆ ಹೇಳುತ್ತದೆ. ಎಲ್ಲರೂ ಸಮಾಜವಾದಿಗಳಾದ ಮೇಲೆ ಆ ಹೆಸರಿನಿಂದ ಮತದಾರನಿಗೆ ತಿಳಿಯುವುದೇನು? ಎಡ, ಬಲ ಎಂಬ ಮಾತುಗಳೂ ಹೆಚ್ಚೇನೂ ತಿಳಿಸವು; ಅವು 1789ರ ಫ್ರಾನ್ಸಿನ ಸಭೆಯಲ್ಲಿ ಯಾರು ಯಾವ ಕಡೆ ಕೂತರು ಎಂಬುದರಿಂದ ಹುಟ್ಟಿದವು. ಅದಕ್ಕಿಂತ, ಭೂಮಿ ಯಾರಿಗೆ ಸೇರಬೇಕು ಎಂದು ಕೇಳಿನೋಡಿದರೆ ಸಿದ್ಧಾಂತಗಳ ನಿಜರೂಪ ಬೇಗ ಕಾಣುತ್ತದೆ.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಈ ಪ್ರಶ್ನೆ ಎದ್ದದ್ದು ಗೇಣಿಭತ್ತ ಅಳೆಯುವ ಕೊಳಗದ ಗಾತ್ರದ ತಕರಾರಿನ ಜೊತೆಗೆ. ಎಚ್. ಗಣಪತಿಯಪ್ಪ ಸಂಘಟಿಸಿದ್ದ ದೀವರ ಸಮುದಾಯದ ಗೇಣಿದಾರರ ಬೆನ್ನಿಗೆ ಸಮಾಜವಾದಿಗಳು ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಬೆವರು ಸುರಿಸಿದವನಿಗೇ ನೆಲ ಎಂಬುದು ಅವರ ನಿಲುವು. 1959ರಲ್ಲಿ ರಾಜಾಜಿ ಕಟ್ಟಿದ ಸ್ವತಂತ್ರ ಪಕ್ಷದ್ದು ಬೇರೆಯೇ ಭಯ: ಇಂದು ಜಮೀನು ಕಿತ್ತುಕೊಳ್ಳಬಲ್ಲ ಸರ್ಕಾರ ನಾಳೆ ಏನನ್ನು ಬಿಟ್ಟೀತು? ಇದು ಬರೀ ಜಮೀನ್ದಾರರ ಸ್ವಾರ್ಥವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಮುಖ್ಯಮಂತ್ರಿ ದೇವರಾಜ ಅರಸರು ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿಭೂಮಿಯೆಲ್ಲ ಸರ್ಕಾರದ ವಶವಾಯಿತು; ಗೇಣಿದಾರರು ಡಿಕ್ಲರೇಷನ್ ಹಾಕಿ ಒಡೆಯರಾದರು. ಆದರೆ ತುಂಡು ಗದ್ದೆಯ ಗೇಣಿಯಿಂದಲೇ ಜೀವನ ಸಾಗಿಸುತ್ತಿದ್ದ ವಿಧವೆಯರೂ ಅದನ್ನು ಕಳೆದುಕೊಂಡರು. ಆ ಡಿಕ್ಲರೇಷನ್‌ಗಳನ್ನು ತೀರ್ಮಾನಿಸುವ ಭೂ ನ್ಯಾಯಮಂಡಳಿಯ ಮುಂದೆ ವಕೀಲರಿಗೂ ಆಗ ಪ್ರವೇಶವಿರಲಿಲ್ಲ. ಇಷ್ಟಾದರೂ ನನ್ನ ತಕ್ಕಡಿ ಅರಸರ ಕಡೆಗೇ ವಾಲುತ್ತದೆ. ಬೇರೊಬ್ಬರ ಕೊಳಗಕ್ಕೆ ಸದಾ ತಲೆಬಾಗಬೇಕಾದವನ ಕೈಯಲ್ಲಿ ಸ್ವಾತಂತ್ರ್ಯ ಪೊಳ್ಳು ಕಾಳು.

ಜನ ಜಾತಿ ನೋಡಿ, ನಾಯಕನನ್ನು ನೋಡಿ ಮತ ಹಾಕುವಾಗ ಸಿದ್ಧಾಂತದ ಮಾತೇಕೆ ಎನ್ನುವವರಿದ್ದಾರೆ. ಆದರೆ ಕಾಗೋಡಿನಲ್ಲಿ ಒಡೆಯರು ಒಂದು ಜಾತಿ, ಗೇಣಿದಾರರು ಇನ್ನೊಂದು; ಅಲ್ಲಿ ಜಾತಿಯೂ ಜಮೀನೂ ಒಂದೇ ಗಂಟು. ಪಕ್ಷಗಳಿಗೆ ಸಿದ್ಧಾಂತವೇ ಉಳಿದಿಲ್ಲ ಎಂಬ ಆಕ್ಷೇಪ ಇನ್ನಷ್ಟು ಗಟ್ಟಿಯಾದದ್ದು. ಸಮಾಜವಾದಿಗಳು ಕೇಳಿದ್ದನ್ನು ಜಾರಿಗೆ ತಂದದ್ದು ಕಾಂಗ್ರೆಸ್ಸಿನ ಅರಸು. ಕೃಷಿ ಜಮೀನು ಕೊಳ್ಳುವವರಿಗೆ ಇದ್ದ ಕೃಷಿಯೇತರ ಆದಾಯದ ಮಿತಿಯನ್ನು 2015ರಲ್ಲಿ 25 ಲಕ್ಷ ರೂಪಾಯಿಗೆ ಏರಿಸಿದ್ದು ಕಾಂಗ್ರೆಸ್ ಸರ್ಕಾರ, 2020ರಲ್ಲಿ ಆ ಮಿತಿಯನ್ನೇ ತೆಗೆದದ್ದು ಬಿಜೆಪಿ ಸರ್ಕಾರ. ನನಗೆ ಇದರಲ್ಲಿ ಕಾಣುವುದು ಸಿದ್ಧಾಂತದ ಸಾವಲ್ಲ, ಅದು ಮನೆ ಬದಲಿಸಿದ ಬಗೆ: ಭೂಮಿ ಮಾರುಕಟ್ಟೆಯ ಸರಕು ಎಂಬ ನಂಬಿಕೆ ಎರಡೂ ಮನೆಗಳಲ್ಲಿ ಬೇರು ಬಿಟ್ಟಿದೆ. ಗೇಣಿದಾರರೂ ಅಲ್ಲದ ಕೂಲಿಯವರಿಗೆ, ಅವರಲ್ಲೂ ದಲಿತರಿಗೆ, 1974ರಲ್ಲಿ ದಕ್ಕಿದ್ದೇ ಅಲ್ಪ. 2020ರ ತಿದ್ದುಪಡಿಯಲ್ಲಿ ಅವರ ಪಾಲಿನ ಮಾತೇ ಬರಲಿಲ್ಲ.