ಗಗನಮಾರ್ಗದ ಶುಶ್ರೂಷೆ

ಎರಡನೆಯ ಮಹಾಯುದ್ಧದ ನಡುವೆ, 1943ನೆಯ ಇಸವಿಯ ಜನವರಿಯಲ್ಲಿ, ಅವಿಭಕ್ತ ಭಾರತದ ಬಂದರಾಗಿದ್ದ ಕರಾಚಿಯಿಂದ ಐವರು ರೋಗಿಗಳನ್ನು ವಿಮಾನದಲ್ಲಿ ವಾಷಿಂಗ್ಟನ್ನಿಗೆ ಒಯ್ಯುವ ಭಾರವು ಅಮೆರಿಕದ ಸೇನೆಯ ಎಲ್ಸಿ ಆಟ್ ಎಂಬ ದಾದಿಯ ಮೇಲೆ ಬಿದ್ದಾಗ, ಆಕೆ ಅದುವರೆಗೆ ಒಮ್ಮೆಯೂ ವಿಮಾನವನ್ನೇರಿದವಳಲ್ಲ; ಸಿದ್ಧತೆಗೆ ದೊರೆತುದು ಒಂದೇ ದಿನ; ಜೊತೆಗೆ ವೈದ್ಯನೂ ಇರಲಿಲ್ಲ. ಹಡಗಿನಲ್ಲಾದರೆ ಸುಮಾರು ಮೂರು ತಿಂಗಳು ಹಿಡಿಯುತ್ತಿದ್ದ ದಾರಿಯನ್ನು ವಾರದೊಳಗೆ ಕ್ರಮಿಸಿದ ಈ ಸಾಹಸಕ್ಕಾಗಿ, ಅಮೆರಿಕದ ವಾಯುಪದಕವನ್ನು ಪಡೆದ ಮೊದಲ ಸ್ತ್ರೀಯೆಂಬ ಕೀರ್ತಿ ಆಕೆಗೆ ಸಂದಿತು. ಆದರೆ ಪದಕಕ್ಕಿಂತಲೂ ಬೆಲೆಯುಳ್ಳದ್ದೆಂದು ನನಗೆ ತೋರುವುದು ಆಕೆ ಒಪ್ಪಿಸಿದ ವರದಿ: ಆಮ್ಲಜನಕ ಬೇಕು, ಗಾಯಪಟ್ಟಿಗಳು ಇನ್ನಷ್ಟು ಬೇಕು, ಕಂಬಳಿಗಳು ಬೇಕು, ದಾದಿಗೆ ಲಂಗ ಬೇಡ, ಷರಾಯಿ ಬೇಕು.

ಅದೇ ವರ್ಷದ ಫೆಬ್ರವರಿ 18ರಂದು ಕೆಂಟಕಿಯ ಬೋಮನ್ ಫೀಲ್ಡ್ ಶಾಲೆಯಿಂದ ವಿಮಾನದಾದಿಯರ ಪ್ರಥಮ ತಂಡ ಶಿಕ್ಷಣ ಮುಗಿಸಿ ಹೊರಟಿತು. ಅಲ್ಲಿ ಅವರು ಕಲಿಯಬೇಕಾಗಿದ್ದುದು ಕೇವಲ ಕರುಣೆಯಿಂದ ಸಾಧ್ಯವಾಗುವ ವಿದ್ಯೆಯಲ್ಲ. ವಿಮಾನವು ಮೇಲೇರಿದಂತೆ ವಾಯುವಿನ ಒತ್ತಡವು ಇಳಿಯುತ್ತದೆ, ಒತ್ತಡವಿಳಿದಂತೆ ದೇಹದೊಳಗೆ ಸಿಕ್ಕಿಕೊಂಡ ವಾಯುವು ಹಿಗ್ಗುತ್ತದೆ. ಆದುದರಿಂದ ಎದೆಗೋ ಉದರಕ್ಕೋ ಪೆಟ್ಟುಬಿದ್ದು ನೆಲದ ಮೇಲೆ ನೆಮ್ಮದಿಯಾಗಿದ್ದವನೇ ಅಂತರಿಕ್ಷದಲ್ಲಿ ಉಸಿರಿಗಾಗಿ ತಳಮಳಿಸಬಹುದು, ರಕ್ತ ಸೋರಿ ಬಳಲಿದವನಿಗೆ ಅಲ್ಲಿನ ವಿರಳವಾದ ಆಮ್ಲಜನಕವು ಸಾಲದೆಹೋಗಬಹುದು. ಯಂತ್ರಗಳ ಆರ್ಭಟದ ನಡುವೆ ಹೃದಯದ ಬಡಿತವನ್ನು ಆಲಿಸುವುದೂ ದುಸ್ಸಾಧ್ಯವಾದ ಆ ಸ್ಥಳದಲ್ಲಿ, ತುಟಿ ಉಗುರುಗಳು ನೀಲಿಗಟ್ಟುವುದನ್ನು ಕಂಡು ನಿರ್ಣಯಿಸಬೇಕಾದವಳು, ಒಬ್ಬ ಸಹಾಯಕನನ್ನು ಬಿಟ್ಟರೆ ಏಕಾಕಿಯಾದ ದಾದಿ.

ಅವಳನ್ನು ಹೊತ್ತ ವಿಮಾನಕ್ಕೆ ರೆಡ್‌ಕ್ರಾಸ್ ಚಿಹ್ನೆಯ ರಕ್ಷೆಯೂ ಇರಲಿಲ್ಲ. ಸಿ-47 ವಿಮಾನವು ಹೋಗುವಾಗ ಸೈನಿಕರನ್ನೂ ಮದ್ದುಗುಂಡುಗಳನ್ನೂ ಒಯ್ದು, ಬರುವಾಗ ಗಾಯಾಳುಗಳನ್ನು ತರುತ್ತಿದ್ದುದರಿಂದ, ಯುದ್ಧನಿಯಮದ ಪ್ರಕಾರವೇ ಅದು ಶತ್ರುವಿನ ನ್ಯಾಯವಾದ ಗುರಿ. ಸುಮಾರು ಐನೂರು ವಿಮಾನದಾದಿಯರಲ್ಲಿ 17 ಮಂದಿ ಪ್ರಾಣ ತೆತ್ತರು. 3,500ಕ್ಕೂ ಹೆಚ್ಚು ಗಾಯಾಳುಗಳನ್ನು ಸಾಗಿಸಿದ್ದ ಅಲೀಡಾ ಲಟ್ಜ್ ಎಂಬ ವಿಮಾನದಾದಿ 1944ರ ನವೆಂಬರ್ 1ರಂದು ಫ್ರಾನ್ಸಿನಲ್ಲಿ ವಿಮಾನ ಬಿದ್ದು ಮಡಿದಳು. ಯುದ್ಧಕಾಲದಲ್ಲಿ ಹೀಗೆ ಆಕಾಶಮಾರ್ಗವಾಗಿ ಸಾಗಿದವರು ಹನ್ನೊಂದು ಲಕ್ಷಕ್ಕೂ ಅಧಿಕ. ದಾರಿಯಲ್ಲಿ ಅಸುನೀಗಿದವರು 46 ಮಂದಿ.

1943ರ ನವೆಂಬರ್ 8ರಂದು ಹದಿಮೂವರು ದಾದಿಯರಿದ್ದ ವಿಮಾನವೊಂದು, ಸಿಸಿಲಿಯಿಂದ ಇಟಲಿಯ ಬಾರಿ ಪಟ್ಟಣಕ್ಕೆ ಹೋಗುತ್ತ, ಬಿರುಗಾಳಿಗೆ ಸಿಕ್ಕಿ ದಾರಿತಪ್ಪಿ, ಜರ್ಮನರ ವಶದಲ್ಲಿದ್ದ ಅಲ್ಬೇನಿಯದಲ್ಲಿ ನೆಲಕ್ಕಿಳಿಯಿತು. ಹಿಮ ಕವಿದ ಪರ್ವತಗಳನ್ನು ದಾಟಿ ಹತ್ತು ಮಂದಿ ಜನವರಿಯಲ್ಲಿ ಇಟಲಿಯನ್ನು ಸೇರಿದರು. ಬೆರಾತ್ ಪಟ್ಟಣದಲ್ಲಿ ಉಳಿದವರಿಂದ ಬೇರ್ಪಟ್ಟಿದ್ದ ಮೂವರು ಬಂದುದು ಮಾರ್ಚಿನಲ್ಲಿ. ತಮಗೆ ರೊಟ್ಟಿ ಹಂಚಿ, ಇರುಳಿಗೆ ಎಡೆಕೊಟ್ಟ ಹಳ್ಳಿಗರು ಇನ್ನೂ ಶತ್ರುವಿನ ಕೈಕೆಳಗೇ ಇದ್ದುದರಿಂದ, ತಾವು ನಡೆದ ದಾರಿಯನ್ನು ಆ ದಾದಿಯರು ಯಾರಿಗೂ ಹೇಳುವಂತಿರಲಿಲ್ಲ.