ಅಪ್ರದಕ್ಷಿಣೆಯ ಸೈಕಲ್ ಸವಾರಿ

ಜಪಾನಿನ ಅತಿ ದೊಡ್ಡ ಸರೋವರ ಬೀವಾ. ಬೀವಾ ಎಂಬ ತಂತಿವಾದ್ಯದ ಆಕಾರವಿರುವುದರಿಂದ ಆ ಹೆಸರು ಬಂತೆನ್ನುತ್ತಾರೆ. ಸೈಕಲ್ಲಿನಲ್ಲಿ ಅದಕ್ಕೊಂದು ಸುತ್ತು ಹಾಕುವುದೇ ‘ಬೀವಾಇಚಿ’. ಪೂರ್ತಿ ಸುತ್ತು ಸುಮಾರು 200 ಕಿಲೋಮೀಟರ್!

“ಪೂರ್ತಿ ಸುತ್ತೋಣ ತಾತ” ಎಂದಳು, ದಡದ ಓತ್ಸು ಊರಿನಲ್ಲಿರುವ ನನ್ನ ಮೊಮ್ಮಗಳು. ಅವಳಿಗೆ 11, ನನಗೆ 67. ಕೊನೆಗೆ ದಕ್ಷಿಣದ ಪುಟ್ಟ ಸುತ್ತಿಗೆ ರಾಜಿಯಾಯಿತು. ಅದೂ 50 ಕಿಲೋಮೀಟರ್ ಹತ್ತಿರ.

ಸವಾರರು ಇಲ್ಲಿ ಸಾಮಾನ್ಯವಾಗಿ ಅಪ್ರದಕ್ಷಿಣೆ ಬರುತ್ತಾರೆ. “ದೇವಸ್ಥಾನದಲ್ಲಿ ಹೀಗೆ ಸುತ್ತಿದ್ರೆ ಅಜ್ಜಿ ಬೈತಾರೆ!” ಎಂದು ನಕ್ಕಳು. ಕಾರಣ ಸರಳ. ಜಪಾನಿನಲ್ಲೂ ನಮ್ಮಂತೆ ವಾಹನಗಳು ರಸ್ತೆಯ ಎಡಕ್ಕೇ ಸಾಗುತ್ತವೆ. ಹೀಗೆ ಹೊರಟರೆ ನೀರು ಸದಾ ಎಡಗಡೆ. ನಿಂತು ನೋಡಲು ರಸ್ತೆ ದಾಟಬೇಕಿಲ್ಲ. ರಸ್ತೆಯಂಚಿನ ನೀಲಿ ಗುರುತುಗಳೇ ದಾರಿ ತೋರುತ್ತವೆ.

ಪೂರ್ವ ದಡ ಸಮತಟ್ಟು, ಸಲೀಸಾಗಿ ಬಂದೆವು. ಮೊರಿಯಾಮದ ಬಳಿ ಪಶ್ಚಿಮ ದಡಕ್ಕೆ ದಾಟಿಸುವ ಬೀವಾಕೊ ಸೇತುವೆ. ಅಡಿಯಲ್ಲಿ ಹಡಗು ಹಾಯಲೆಂದು ಅದರ ಬೆನ್ನು ಗೂನು. ಜೊತೆಗೆ ಎದುರುಗಾಳಿ. ಅರ್ಧ ಏರಿನಲ್ಲಿ ನನ್ನ ಮೊಣಕಾಲು ಕೈಕೊಟ್ಟಿತು. ಇಳಿದು ತಳ್ಳತೊಡಗಿದೆ. ಮುಂದೆ ಹೋಗಿದ್ದವಳು ತಿರುಗಿ ನೋಡಿ ತಾನೂ ಇಳಿದಳು.

“ನೀನು ಹೋಗು ಪುಟ್ಟಿ, ಬರ್ತೀನಿ.”

“ಜೊತೆಗೆ ಅಂದ್ರೆ ಜೊತೆಗೇ, ತಾತ.”

ಸೇತುವೆಯ ನೆತ್ತಿಯಲ್ಲಿ ನಿಂತಾಗ ಬಲಕ್ಕೆ ಉತ್ತರದ ಸರೋವರ ಸಮುದ್ರದಂತೆ ಹರಡಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ಮುಂದಿನ ಸಲಕ್ಕೆ” ಎಂದಳು.

ಮಕ್ಕಳೇ, ನಿಮ್ಮೂರ ಕೆರೆಯ ಸುತ್ತ ರಸ್ತೆಯಿದ್ದರೆ ಅಲ್ಲೂ ಇದೇ ಲೆಕ್ಕ. ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಏರು ಬಂದಾಗ ಅವರಿಗಾಗಿ ಸ್ವಲ್ಪ ಕಾಯಿರಿ.