ಗುಹೆಗಳ ಬೆನ್ನಿಗಿರುವ ಬಾದಾಮಿ

ಬಾದಾಮಿಗೆ ಬಂದವರು ನಾಲ್ಕು ಗುಹೆ ಹತ್ತಿಳಿದು, ಅಗಸ್ತ್ಯ ತೀರ್ಥದ ದಂಡೆಯಲ್ಲಿ ಫೋಟೊ ತೆಗೆಸಿಕೊಂಡು, ಬಿಸಿಲೇರುವ ಮೊದಲೇ ಪಟ್ಟದಕಲ್ಲಿನ ಬಸ್ ಹಿಡಿಯುತ್ತಾರೆ. ಹೊಂಡದ ಆಚೆಯ ಗುಡ್ಡದ ಕಡೆ ತಲೆಹಾಕುವವರು ಕಡಿಮೆ. ಆ ಗುಡ್ಡದ ಮೇಲೆ ನಾಲ್ಕೈದು ಕಿಲೋಮೀಟರ್ ನಡೆದರೆ ಸಿಡ್ಲಫಡಿ: ಆದಿಮಾನವರು ಆಸರೆ ಪಡೆದ, ಕೆಂಪು ಬಣ್ಣದಲ್ಲಿ ಚಿತ್ರ ಬರೆದಿಟ್ಟ ಮರಳುಗಲ್ಲಿನ ಕಮಾನು.

ಒಬ್ಬರೇ ಹೋಗುವ ಜಾಗ ಇದಲ್ಲ. ವಾರಾಂತ್ಯಕ್ಕೆ ಬರುವ ಚಾರಣದ ತಂಡಗಳೂ ಊರಿನವರೊಬ್ಬರನ್ನು ಮುಂದೆ ಬಿಟ್ಟುಕೊಂಡೇ ಹೊರಡುತ್ತವೆ. ಬರೀ ಹಾಸುಬಂಡೆಯ ಮೇಲೆ ಕಾಲುದಾರಿ ಮೂಡುವುದಾದರೂ ಹೇಗೆ? ಬಂಡೆಗೆ ಬಳಿದ ಬಾಣದ ಗುರುತು ಒಂದೆಡೆ ಕಂಡರೆ ಇನ್ನೊಂದೆಡೆ ಮಾಸಿರುತ್ತದೆ. ಕುರುಚಲು ಕಂಟಿಗಳೆಲ್ಲ ಒಂದೇ ಥರ. ‘ನೀರ್ ತಗೊಂಡೀರೇನ್ರಿ?’ ಎಂಬುದು ಜೊತೆಗೆ ಬರುವವರ ಮೊದಲ ಪ್ರಶ್ನೆ. ದಾರಿಯಲ್ಲಿ ಕುಡಿಯಲು ಹನಿ ನೀರು ಸಿಗದು.

ವಿಚಿತ್ರವೆಂದರೆ, ಮರುಭೂಮಿಯಂತೆ ಕಾಣುವ ಈ ಕಲ್ಲನ್ನು ಕಟ್ಟಿದ್ದು ನೀರೇ. ನೆಲದ ಮೇಲೆ ಹುಲ್ಲುಕಡ್ಡಿಯೂ ಇರದಿದ್ದ ಕಾಲದಲ್ಲಿ ನದಿಗಳು ಹಾಸಿಹೋದ ಮರಳು ಇದು. ಬಂಡೆಯ ಪಕ್ಕಕ್ಕೆ ಕೂತು ನೋಡಿ: ಪದರಗಳು ಒಂದರ ಮೇಲೊಂದು ನೇರವಾಗಿ ಕೂತಿಲ್ಲ, ಓರೆಯಾಗಿ ಜಾರಿವೆ. ನೀರು ಹರಿದ ದಿಕ್ಕನ್ನು ಆ ಓರೆಯಿಂದಲೇ ಹೇಳಬಹುದು. ಕೆಲವೆಡೆ ಅಲೆಯ ಗೆರೆಗಳೂ ಹಾಗೇ ಕಲ್ಲಾಗಿವೆ. ಕಲಾದಗಿ ಸೀಮೆಯ ಈ ಶಿಲೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಸುತ್ತಾಡಿ ದಾಖಲಿಸಿದರು. ಅವರ ವರದಿ 1876ರಲ್ಲಿ ಅಚ್ಚಾಯಿತು.

ಚಾಲುಕ್ಯರು ಕೋಟೆಗೆ ಈ ಗುಡ್ಡಗಳನ್ನೇ ಆರಿಸಿಕೊಂಡದ್ದಕ್ಕೆ ಸಾಕ್ಷಿ 543ರ ಪುಲಕೇಶಿಯ ಶಾಸನ. ಮಂಗಲೇಶ ಬರೆಸಿದ ಮೂರನೇ ಗುಹೆಯ ಶಾಸನ 578ರದು. ಸಿಡ್ಲಫಡಿಯ ಮುಂದೆ ಇವೆಲ್ಲ ಮೊನ್ನೆಯ ಮಾತು. ಕಮಾನಿನ ಮಾಡಿಗೆ ತೂತುಗಳಿವೆ, ಅವುಗಳಿಂದ ಬಿಸಿಲು ಒಳಗೆ ಬೀಳುತ್ತದೆ. ಚಿತ್ರಗಳು ಮಸುಕಾಗಿವೆ, ಕಣ್ಣು ಹೊಂದಿಕೊಂಡ ಮೇಲೆ ಪ್ರಾಣಿಯ ಬೆನ್ನು, ಮನುಷ್ಯರ ಕಡ್ಡಿ ಕೈಕಾಲು ಒಂದೊಂದಾಗಿ ತೋರುತ್ತವೆ. ಅವುಗಳ ಮೇಲೆ ನೀರು ಚಿಮುಕಿಸಿ ಫೋಟೊ ತೆಗೆಯುವ ಚಾಳಿ ಬೇಡ. ಕಲ್ಲಿನ ಮೇಲೆ ಹೆಸರು ಗೀಚುವವರಿಗಂತೂ ಏನು ಹೇಳುವುದು!

ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಬೆಳಕು ಹರಿಯುವ ಹೊತ್ತಿಗೆ ಹೊರಟರೆ ಬಂಡೆ ಕಾಯುವುದರೊಳಗೆ ಇಳಿದು ಬಂದು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಗೆ ಕೂಡಬಹುದು. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯ ದಿನಗಳಲ್ಲಿ ಬರುವುದಾದರೆ ರೂಮು ಮೊದಲೇ ಹೇಳಿಡಿ. ರಾತ್ರಿಯೆಲ್ಲ ಕಂಪನಿ ನಾಟಕ ನೋಡಿ ಬೆಳಗ್ಗೆ ಗುಡ್ಡ ಹತ್ತುತ್ತೇನೆನ್ನುವ ಹುಂಬತನ ಮಾತ್ರ ಬೇಡ.